ತೇಲುವ ರಜೆಯ ಒಳಹೊರಗು: ಕ್ರೂಸ್ ಹಡಗಿನಲ್ಲಿ ಏನಿದೆ, ಹೇಗೆ ಅನುಭವಿಸಬೇಕು

1891ರ ಜನವರಿಯಲ್ಲಿ ಜರ್ಮನಿಯಿಂದ 'ಆಗಸ್ಟಾ ವಿಕ್ಟೋರಿಯಾ' ಎಂಬ ಹಡಗು ಮೆಡಿಟರೇನಿಯನ್ ಸಮುದ್ರದ ಕಡೆಗೆ ಹೊರಟಿತು. ಅದರಲ್ಲಿದ್ದವರಿಗೆ ವ್ಯಾಪಾರವಿರಲಿಲ್ಲ, ವಲಸೆ ಹೋಗುವ ಉದ್ದೇಶವೂ ಇರಲಿಲ್ಲ. ಕೆಲವು ವಾರ ಸುತ್ತಾಡಿ, ಹತ್ತಿದ ದೇಶಕ್ಕೇ ಮರಳಿ ಬರಲೆಂದು ಅವರು ಹಣ ಕೊಟ್ಟಿದ್ದರು. ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟುವವರು ಕಡಿಮೆಯಾಗಿ ದೊಡ್ಡ ಹಡಗುಗಳಿಗೆ ಜನ ಸಾಲದೆ ಹೋಗುತ್ತಿದ್ದಾಗ, ಹ್ಯಾಂಬರ್ಗ್ ಅಮೆರಿಕ ಕಂಪನಿಯ ಆಲ್ಬರ್ಟ್ ಬಾಲಿನ್ ಹೂಡಿದ ಉಪಾಯವಿದು. ಇಂದಿನ ಕ್ರೂಸ್ ಉದ್ಯಮದ ಬೇರು ಇಲ್ಲಿದೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ.

1958ರಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ದಾಟತೊಡಗಿದ ಮೇಲೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಜನರನ್ನು ಸಾಗಿಸುವ ಕೆಲಸ ಹಡಗುಗಳ ಕೈತಪ್ಪಿತು. ಉಳಿದದ್ದು ಬಾಲಿನ್ ತೋರಿಸಿದ ದಾರಿ. ತಲುಪಿಸುವ ಕೆಲಸವೇ ಇಲ್ಲದ ಮೇಲೆ ಹಡಗಿನ ಒಳಗಿನ ದಿನವೇ ಪ್ರವಾಸವಾಗಬೇಕಾಯಿತು. ಇಂದಿನ ಹಡಗುಗಳಲ್ಲಿ ಸ್ಕೇಟಿಂಗ್ ಮಾಡುವ ಹಿಮದ ಅಂಗಳವೂ ರೋಲರ್ ಕೋಸ್ಟರ್ ಸಹ ಇರುವುದಕ್ಕೆ ಕಾರಣ ಇದೇ. ಮೊದಲ ಬಾರಿ ಕ್ರೂಸ್‌ಗೆ ಹೊರಡುವವರಿಗೆ ನಾನು ಹೇಳುವ ಮೊದಲ ಮಾತೂ ಇದರಿಂದಲೇ ಬರುತ್ತದೆ: ನಿಮಗೆ ಹಡಗು ಮುಖ್ಯವೋ ದಾರಿ ಮುಖ್ಯವೋ ಎಂಬುದನ್ನು ಮೊದಲು ನಿರ್ಧರಿಸಿ. ಎರಡೂ ಬೇಕು ಎಂಬ ಆಸೆ ಸಹಜ. ಆದರೆ ಕ್ಯಾಬಿನ್, ಖರ್ಚು, ಕಾಲ, ಜೊತೆಗಾರರು, ಎಲ್ಲವೂ ಈ ಒಂದು ಆಯ್ಕೆಯನ್ನೇ ಹಿಂಬಾಲಿಸುತ್ತವೆ.

ಹಡಗು ಎಷ್ಟು ದೊಡ್ಡದು ಎಂಬುದನ್ನು ಗ್ರಾಸ್ ಟನೇಜ್‌ನಲ್ಲಿ ಹೇಳುತ್ತಾರೆ. ಟನ್ ಎಂದ ಕೂಡಲೇ ತೂಕ ನೆನಪಾಗುತ್ತದೆ, ಆದರೆ ಇದು ಹಡಗಿನ ಮುಚ್ಚಿದ ಭಾಗದಲ್ಲಿ ಎಷ್ಟು ಜಾಗವಿದೆ ಎಂಬುದರ ಅಳತೆ. ಟೈಟಾನಿಕ್ ಸುಮಾರು 46,000ದಷ್ಟಿತ್ತು. 2024ರ ಜನವರಿಯಲ್ಲಿ ಮಯಾಮಿಯಿಂದ ಮೊದಲ ಪ್ರಯಾಣ ಹೊರಟ 'ಐಕಾನ್ ಆಫ್ ದ ಸೀಸ್' 2,48,000ಕ್ಕಿಂತ ಹೆಚ್ಚು. ಇಪ್ಪತ್ತು ಡೆಕ್‌ಗಳ, ಅಂದರೆ ಇಪ್ಪತ್ತು ಮಹಡಿಗಳ, ಈ ಹಡಗಿನಲ್ಲಿ ಏಳು ಈಜುಕೊಳಗಳಿವೆ, ಆರು ನೀರಿನ ಜಾರುಬಂಡೆಗಳಿವೆ. ತುಂಬಿದಾಗ ಏಳು ಸಾವಿರಕ್ಕೂ ಮೀರಿದ ಪ್ರಯಾಣಿಕರು, ಎರಡು ಸಾವಿರಕ್ಕೂ ಮೀರಿದ ಸಿಬ್ಬಂದಿ. ಈ ಸಂಖ್ಯೆ ಕೇಳಿ ಉಸಿರುಗಟ್ಟುವವರಿದ್ದಾರೆ, ಹುರುಪಾಗುವವರೂ ಇದ್ದಾರೆ. ನೀವು ಯಾವ ಪಂಗಡದವರು ಎಂದು ಟಿಕೆಟ್ ಕೊಳ್ಳುವ ಮೊದಲೇ ತಿಳಿದಿರುವುದು ಒಳ್ಳೆಯದು, ಏಕೆಂದರೆ ಕೆಲವೇ ನೂರು ಜನರನ್ನು ಕರೆದೊಯ್ಯುವ ಸಣ್ಣ ಹಡಗುಗಳೂ ಇವೆ, ಮತ್ತು ಅವುಗಳ ಸೊಗಸೇ ಬೇರೆ.

ಮೇಲಿನ ಡೆಕ್‌ಗಳ ಆಟ, ಒಳಗಿನ ಸಂಜೆ

ದೊಡ್ಡ ಹಡಗುಗಳಲ್ಲಿ ಒಂದಾದ ಮೇಲೊಂದು ಅಚ್ಚರಿ ಬಂದದ್ದು ಕಳೆದ ಮೂವತ್ತು ನಲವತ್ತು ವರ್ಷಗಳಲ್ಲಿ. 1988ರ 'ಸಾವರಿನ್ ಆಫ್ ದ ಸೀಸ್' ಹಡಗಿನ ನಡುವೆ ಐದು ಡೆಕ್ ಎತ್ತರದ ಅಂಗಳ ಇತ್ತು, ಗಾಜಿನ ಲಿಫ್ಟ್‌ಗಳಿದ್ದವು. 1999ರಲ್ಲಿ 'ವಾಯೇಜರ್ ಆಫ್ ದ ಸೀಸ್' ಸಮುದ್ರದ ಮೇಲೆ ಐಸ್ ಸ್ಕೇಟಿಂಗ್ ಅಂಗಳವನ್ನೂ ಹತ್ತುವ ಗೋಡೆಯನ್ನೂ ತಂದಿತು. 2006ರಲ್ಲಿ 'ಫ್ರೀಡಂ ಆಫ್ ದ ಸೀಸ್' ಸರ್ಫಿಂಗ್ ಯಂತ್ರವನ್ನು ಮೇಲೇರಿಸಿತು: ಇಳಿಜಾರಿನ ಮೇಲೆ ಪಂಪುಗಳು ತೆಳುವಾದ ನೀರಿನ ಹಾಳೆಯನ್ನು ರಭಸದಿಂದ ಮೇಲ್ಮುಖವಾಗಿ ಚಿಮ್ಮಿಸುತ್ತವೆ, ಹಲಗೆಯ ಮೇಲೆ ನಿಂತವರು ಅಲ್ಲಿಯೇ ನಿಂತು ಅಲೆಯ ಸವಾರಿ ಮಾಡುತ್ತಾರೆ. 2014ರ 'ಕ್ವಾಂಟಮ್ ಆಫ್ ದ ಸೀಸ್'ನಲ್ಲಿ ಗಾಜಿನ ಕೋಣೆಯೊಂದು ಉದ್ದನೆಯ ತೋಳಿನ ತುದಿಯಲ್ಲಿ ಸಮುದ್ರಮಟ್ಟದಿಂದ ಸುಮಾರು 90 ಮೀಟರ್ ಎತ್ತರಕ್ಕೆ ಏರುತ್ತದೆ. 2021ರಲ್ಲಿ ಪ್ರಯಾಣ ಆರಂಭಿಸಿದ ಕಾರ್ನಿವಲ್ ಕಂಪನಿಯ 'ಮಾರ್ಡಿ ಗ್ರಾ'ದಲ್ಲಿ ಸಮುದ್ರದ ಮೊದಲ ರೋಲರ್ ಕೋಸ್ಟರ್ ಇದೆ. ಬೈಕಿನಂತಿರುವ ಇಬ್ಬರ ಗಾಡಿ ಅದು, ವಿದ್ಯುತ್ತಿನಿಂದ ಓಡುತ್ತದೆ, ವೇಗ ಸವಾರರ ಕೈಯಲ್ಲೇ ಇರುತ್ತದೆ. ನಾರ್ವೇಜಿಯನ್ ಕಂಪನಿಯ ಕೆಲವು ಹಡಗುಗಳ ಮೇಲೆ ಗೋ-ಕಾರ್ಟ್ ಎಂಬ ಚಿಕ್ಕ ರೇಸ್ ಗಾಡಿ ಓಡಿಸುವ ಪಥವೂ ಇದೆ.

ಇವನ್ನೆಲ್ಲ ಎಲ್ಲೆಲ್ಲಿ ಇಟ್ಟಿದ್ದಾರೆ ಎಂಬುದಕ್ಕೆ ಕಾರಣಗಳಿವೆ, ಅವನ್ನು ತಿಳಿದು ನೋಡಿದರೆ ಹಡಗು ಇನ್ನಷ್ಟು ರುಚಿಸುತ್ತದೆ. ಭಾರವಾದ ವಸ್ತು ಎತ್ತರದಲ್ಲಿದ್ದಷ್ಟೂ ಹಡಗಿನ ಸ್ಥಿರತೆಗೆ ತೊಂದರೆ. ಆದ್ದರಿಂದ ಎಂಜಿನ್, ಇಂಧನ, ನೀರಿನ ಟ್ಯಾಂಕುಗಳು ಎಲ್ಲಕ್ಕಿಂತ ಕೆಳಗಿರುತ್ತವೆ. ಹಿಮದ ಅಂಗಳವೂ ಕೆಳಗಿನ ಡೆಕ್‌ಗಳಲ್ಲಿ, ಹಡಗಿನ ಓಲಾಟ ಕಡಿಮೆ ಇರುವಲ್ಲಿ ಇರುತ್ತದೆ. ಮೇಲಿನ ಡೆಕ್‌ನ ಈಜುಕೊಳಗಳು ಹೆಚ್ಚಾಗಿ ಆಳವಿಲ್ಲದೆ ಚಿಕ್ಕದಾಗಿರುವುದಕ್ಕೂ ಈ ಭಾರದ ಲೆಕ್ಕವೇ ಕಾರಣ. ಸಮುದ್ರ ಜೋರಾದಾಗ ಕೊಳದ ನೀರು ಅತ್ತಿತ್ತ ಹೊಯ್ದಾಡತೊಡಗುತ್ತದೆ, ಆಗ ಅದನ್ನು ಖಾಲಿ ಮಾಡಿ ಬಲೆ ಹೊದಿಸುತ್ತಾರೆ. ಹೊರಗಿನ ಆಟಗಳೆಲ್ಲ ಗಾಳಿಯ ಮರ್ಜಿಯಲ್ಲಿವೆ. ಮೊದಲ ದಿನ ಬಿಸಿಲಿದ್ದು ಗಾಳಿ ಸುಮ್ಮನಿದ್ದರೆ ಆ ದಿನವೇ ಮೇಲೆ ಹೋಗಿ. ನಾಳೆ ನೋಡೋಣ ಎಂದವರಿಗೆ ನಾಳೆ ಆ ಗಾಜಿನ ಕೋಣೆ ಮುಚ್ಚಿರಬಹುದು.

2009ರ 'ಓಯಸಿಸ್ ಆಫ್ ದ ಸೀಸ್' ಇವೆಲ್ಲಕ್ಕಿಂತ ದೊಡ್ಡ ತಿರುವು ಎಂದು ನನಗನ್ನಿಸುತ್ತದೆ. ಅದರ ಮೇಲ್ಭಾಗವನ್ನು ಉದ್ದಕ್ಕೆ ಎರಡಾಗಿ ಸೀಳಿ, ನಡುವೆ ತೆರೆದ ಆಕಾಶದ ಕೆಳಗೆ ಸಾವಿರಾರು ಜೀವಂತ ಗಿಡಗಳ ಉದ್ಯಾನ ಬೆಳೆಸಿದರು. ಹಡಗು ಅಗಲವಾದಾಗ ನಡುವಿನ ಕೋಣೆಗಳಿಗೆ ಕಿಟಕಿ ಸಿಗುವುದಿಲ್ಲ ಎಂಬುದು ಹಳೆಯ ಸಮಸ್ಯೆ. ನಡುವೆ ಬಯಲು ಬಿಟ್ಟದ್ದರಿಂದ ಒಳಮುಖದ ಕೋಣೆಗಳಿಗೂ ಬಾಲ್ಕನಿ ಬಂತು. ರಾತ್ರಿ ಊಟದ ನಂತರ ಆ ಗಿಡಗಳ ನಡುವೆ ನಡೆಯುವವರಿಗೆ ಸಮುದ್ರ ಕಾಣುವುದಿಲ್ಲ, ಗಾಳಿಯ ವಾಸನೆ ಮಾತ್ರ ಬರುತ್ತದೆ.

ಸಂಜೆಯ ಹೊತ್ತು ಹಡಗಿನ ಮುಖವೇ ಬದಲಾಗುತ್ತದೆ. ದೊಡ್ಡ ಹಡಗಿನ ರಂಗಮಂದಿರದಲ್ಲಿ ಸಾವಿರಕ್ಕೂ ಹೆಚ್ಚು ಆಸನಗಳಿರುತ್ತವೆ. ಸಂಗೀತ ನಾಟಕ, ಹಿಮದ ಮೇಲಿನ ನೃತ್ಯ, ಐದು ಮೀಟರ್‌ಗಿಂತ ಆಳದ ಕೊಳಕ್ಕೆ ಎತ್ತರದಿಂದ ಧುಮುಕುವ ಕಲಾವಿದರ ಪ್ರದರ್ಶನ, ಇವು ಟಿಕೆಟ್ ದರದಲ್ಲೇ ಸೇರಿರುತ್ತವೆ. ಆದರೆ ಹಲವು ಹಡಗುಗಳಲ್ಲಿ ಮುಂಚಿತವಾಗಿ ಆಸನ ಕಾದಿರಿಸಬೇಕು. ಕಂಪನಿಯ ಆ್ಯಪ್‌ನಲ್ಲಿ ಈ ಕೆಲಸವನ್ನು ಹಡಗು ಹತ್ತುವ ಮೊದಲೇ ಮುಗಿಸಿಕೊಳ್ಳಿ. ಅಲುಗಾಡುವ ವೇದಿಕೆಯ ಮೇಲೆ ಸ್ಕೇಟ್ ಕಟ್ಟಿಕೊಂಡು ತಿರುಗುವವರ ಕೌಶಲವನ್ನು ನೋಡಿದವರು ಅದನ್ನು ಸುಲಭದಲ್ಲಿ ಮರೆಯುವುದಿಲ್ಲ.

ಮಕ್ಕಳಿಗೆ ವಯಸ್ಸಿನ ಪ್ರಕಾರ ಬೇರೆ ಬೇರೆ ಕ್ಲಬ್‌ಗಳಿರುತ್ತವೆ. ಸಾಮಾನ್ಯವಾಗಿ ಮೂರು ವರ್ಷ ತುಂಬಿದವರಿಂದ ಆರಂಭ, ಹದಿಹರೆಯದವರಿಗೆ ಪ್ರತ್ಯೇಕ ಜಾಗ. ತಂದೆತಾಯಂದಿರಿಗೆ ಬಿಡುವು ಸಿಗುವುದು ಇಲ್ಲಿಯೇ. ಒಬ್ಬರೇ ಹೋಗುವವರು ಹಿಂದೆ ಇಬ್ಬರ ಕೋಣೆಗೆ ಇಬ್ಬರ ದರವನ್ನೇ ಕೊಡಬೇಕಾಗುತ್ತಿತ್ತು. 2010ರಲ್ಲಿ 'ನಾರ್ವೇಜಿಯನ್ ಎಪಿಕ್' ಒಬ್ಬರಿಗೆಂದೇ ಚಿಕ್ಕ ಕೋಣೆಗಳನ್ನು ಮಾಡಿತು. ಈಗ ಬೇರೆ ಕಂಪನಿಗಳಲ್ಲೂ ಅಂಥ ಕೋಣೆಗಳಿವೆ, ಆದರೆ ಸಂಖ್ಯೆ ಕಡಿಮೆ, ಬೇಗ ಮುಗಿದುಹೋಗುತ್ತವೆ.

ಊಟ

ಟಿಕೆಟ್ ದರದಲ್ಲಿ ಬರುವ ಊಟ ಮುಖ್ಯವಾಗಿ ಎರಡು ಕಡೆ ಸಿಗುತ್ತದೆ: ದೊಡ್ಡ ಊಟದ ಸಭಾಂಗಣದಲ್ಲಿ ಮತ್ತು ಬಫೆಯಲ್ಲಿ. ಇವುಗಳ ಹೊರತಾಗಿ ಹೆಚ್ಚುವರಿ ಹಣ ಕೇಳುವ ವಿಶೇಷ ರೆಸ್ಟೋರೆಂಟ್‌ಗಳಿರುತ್ತವೆ. ಬಫೆಯ ಗದ್ದಲದಲ್ಲೇ ವಾರ ಕಳೆದು ಸಭಾಂಗಣದ ಕಡೆ ಹೋಗದವರನ್ನು ನೋಡಿದರೆ ನನಗೆ ಬೇಸರವಾಗುತ್ತದೆ. ಪ್ರತಿ ಸಂಜೆ ನಿಗದಿತ ಹೊತ್ತಿಗೆ ಅದೇ ಮೇಜು, ಅದೇ ಬಡಿಸುವವರು ಎಂಬ ಹಳೆಯ ಪದ್ಧತಿ ಇಂದಿಗೂ ಅನೇಕ ಹಡಗುಗಳಲ್ಲಿದೆ. ಎರಡನೆಯ ಸಂಜೆಗೆ ಅವರಿಗೆ ನಿಮ್ಮ ಹೆಸರು ಗೊತ್ತಿರುತ್ತದೆ, ಮೂರನೆಯ ಸಂಜೆಗೆ ನಿಮಗೆ ಖಾರ ಎಷ್ಟು ಬೇಕು ಎಂಬುದೂ. ಸಸ್ಯಾಹಾರ, ಅಲರ್ಜಿ, ಗ್ಲುಟನ್ ಇಲ್ಲದ ಊಟ ಇಂಥವನ್ನು ಟಿಕೆಟ್ ಕಾದಿರಿಸುವಾಗ ತಿಳಿಸಿ, ಮೊದಲ ದಿನ ಸಭಾಂಗಣದ ಮುಖ್ಯಸ್ಥರಿಗೆ ಮತ್ತೊಮ್ಮೆ ಹೇಳಿ. ನಾಳೆಯ ಪಟ್ಟಿಯನ್ನು ಹಿಂದಿನ ಸಂಜೆಯೇ ತೋರಿಸಿ, ನಿಮಗಾಗಿ ಬೇರೆಯಾಗಿ ಮಾಡಿಕೊಡುವ ವ್ಯವಸ್ಥೆ ಇರುತ್ತದೆ.

ಅಡುಗೆಮನೆಯನ್ನೂ ಬಟ್ಟೆ ಒಗೆಯುವ ವಿಭಾಗವನ್ನೂ ಕೆಲವೊಮ್ಮೆ ಚಾಲನಾ ಕೊಠಡಿಯನ್ನೂ ತೋರಿಸುವ ತೆರೆಮರೆಯ ಸುತ್ತಾಟವನ್ನು ಹಲವು ಕಂಪನಿಗಳು ಏರ್ಪಡಿಸುತ್ತವೆ. ಅದಕ್ಕೆ ಸಾಮಾನ್ಯವಾಗಿ ಪ್ರತ್ಯೇಕ ಶುಲ್ಕವಿರುತ್ತದೆ. ಸ್ಪಾದಲ್ಲಿ ಕೊಡುವ ಹಣಕ್ಕಿಂತ ಇದಕ್ಕೆ ಕೊಡುವುದು ಸಾರ್ಥಕ ಎಂಬುದು ನನ್ನ ಖಚಿತ ಅಭಿಪ್ರಾಯ. ಹಡಗಿನ ಡೀಸೆಲ್ ಅಥವಾ ದ್ರವೀಕೃತ ಅನಿಲದ ಎಂಜಿನ್‌ಗಳು ಹೆಚ್ಚಿನ ಹೊಸ ಹಡಗುಗಳಲ್ಲಿ ನೇರವಾಗಿ ಪ್ರೊಪೆಲ್ಲರ್ ತಿರುಗಿಸುವುದಿಲ್ಲ, ವಿದ್ಯುತ್ ಉತ್ಪಾದಿಸುತ್ತವೆ. ಆ ವಿದ್ಯುತ್ತಿನಿಂದಲೇ ಪ್ರೊಪೆಲ್ಲರ್ ತಿರುಗುತ್ತದೆ, ಒಲೆ ಉರಿಯುತ್ತದೆ, ನಿಮ್ಮ ಕೋಣೆ ತಂಪಾಗುತ್ತದೆ. ಎಂಜಿನ್‌ನ ಬಿಸಿಯನ್ನು ಬಳಸಿ ಸಮುದ್ರದ ನೀರನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡಿ, ಅಥವಾ ಸೂಕ್ಷ್ಮ ಪೊರೆಗಳ ಮೂಲಕ ಒತ್ತಿ, ಸಿಹಿನೀರು ಮಾಡುತ್ತಾರೆ. ಬೆಳಗ್ಗೆ ನೀವು ಸ್ನಾನ ಮಾಡಿದ ನೀರು ಸ್ವಲ್ಪ ಹೊತ್ತಿನ ಹಿಂದೆ ಹಡಗಿನ ಕೆಳಗಿದ್ದ ಸಮುದ್ರವೇ ಆಗಿರಬಹುದು.

ಕೋಣೆ ಮತ್ತು ಓಲಾಟ

ಕ್ಯಾಬಿನ್‌ಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆ: ಕಿಟಕಿಯಿಲ್ಲದ ಒಳಕೋಣೆ, ಸಮುದ್ರ ಕಾಣುವ ಕಿಟಕಿಯ ಕೋಣೆ, ಬಾಲ್ಕನಿ, ಸೂಟ್. ದರದಲ್ಲಿ ದೊಡ್ಡ ವ್ಯತ್ಯಾಸವಿದ್ದರೂ ಊಟ, ನಾಟಕ, ಈಜುಕೊಳ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ. ಹಡಗೇ ಮುಖ್ಯ ಎಂದು ಹೊರಟವರು, ಕೆರಿಬಿಯನ್‌ನಂಥ ಬೆಚ್ಚನೆಯ ಕಡೆ ದಿನವಿಡೀ ಹೊರಗೆ ಕಳೆಯುವವರು, ಒಳಕೋಣೆಯಲ್ಲಿ ಧಾರಾಳವಾಗಿ ಇರಬಹುದು. ಕತ್ತಲು ಗಾಢವಾಗಿರುವುದರಿಂದ ನಿದ್ದೆಯೂ ಚೆನ್ನಾಗಿ ಬರುತ್ತದೆ. ಅಲಾಸ್ಕಾದ ಮಾತು, ಕಡಿದಾದ ಬಂಡೆಗಳ ನಡುವೆ ಸಮುದ್ರ ಒಳನುಗ್ಗಿದ ನಾರ್ವೆಯ ಫ್ಯೋರ್ಡ್‌ಗಳ ಮಾತು ಬೇರೆ. ಅಲ್ಲಿ ದಾರಿಯೇ ನೋಟ. ನಸುಕಿನಲ್ಲಿ ಹಡಗು ಬಂಡೆಗಳ ನಡುವೆ ನುಸುಳುವಾಗ ಕಂಬಳಿ ಹೊದ್ದು ಬಾಲ್ಕನಿಯಲ್ಲಿ ನಿಲ್ಲುವುದಕ್ಕೆ ಹೆಚ್ಚು ಹಣ ಕೊಟ್ಟರೆ ತಪ್ಪಿಲ್ಲ.

ಕೋಣೆ ಎಲ್ಲಿದೆ ಎಂಬುದನ್ನು ಡೆಕ್ ನಕ್ಷೆಯಲ್ಲಿ ನೋಡಿಯೇ ಒಪ್ಪಿಕೊಳ್ಳಿ. ಈಜುಕೊಳದ ಡೆಕ್‌ನ ನೇರ ಕೆಳಗಾದರೆ ಮುಂಜಾನೆ ಕುರ್ಚಿ ಎಳೆಯುವ ಸದ್ದು, ರಂಗಮಂದಿರದ ನೇರ ಮೇಲಾದರೆ ರಾತ್ರಿ ಡ್ರಮ್ ಸದ್ದು. ಮೇಲೂ ಕೆಳಗೂ ಬರೀ ಕೋಣೆಗಳಿರುವ ಡೆಕ್ ಶಾಂತವಾಗಿರುತ್ತದೆ.

ವಾಂತಿಯ ಭಯದಿಂದ ಕ್ರೂಸ್ ಆಸೆಯನ್ನೇ ಬಿಟ್ಟವರು ಬಹಳ ಜನ. ಆಧುನಿಕ ಹಡಗಿನ ಎರಡೂ ಪಕ್ಕದಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ, ಮೀನಿನ ರೆಕ್ಕೆಗಳಂಥ ದೊಡ್ಡ ಫಲಕಗಳಿರುತ್ತವೆ. ಹಡಗು ಒಂದು ಪಕ್ಕಕ್ಕೆ ವಾಲುವುದನ್ನು ಸೂಕ್ಷ್ಮ ಉಪಕರಣಗಳು ಗುರುತಿಸಿದ ಕೂಡಲೇ ಆ ಫಲಕಗಳ ಕೋನ ಬದಲಾಗುತ್ತದೆ, ಹರಿಯುವ ನೀರು ಅವುಗಳ ಮೇಲೆ ಒತ್ತಿ ಹಡಗನ್ನು ನೇರಕ್ಕೆ ತರುತ್ತದೆ. ಇದರಿಂದ ಪಕ್ಕಕ್ಕೆ ಓಲಾಡುವುದು ಬಹುಮಟ್ಟಿಗೆ ತಗ್ಗುತ್ತದೆ. ಮುಂದಿನ ತುದಿ ಏಳುವುದು ಬೀಳುವುದು ತಗ್ಗುವುದಿಲ್ಲ. ಆದ್ದರಿಂದಲೇ ಹೊಟ್ಟೆ ತೊಳಸುವವರಿಗೆ ಕೆಳಗಿನ ಡೆಕ್‌ನಲ್ಲಿ, ಉದ್ದದ ನಟ್ಟನಡುವೆ ಇರುವ ಕೋಣೆ ಒಳ್ಳೆಯದು. ಹಡಗು ಅಲ್ಲಿ ಅತಿ ಕಡಿಮೆ ಅಲುಗಾಡುತ್ತದೆ. ತಲೆ ಸುತ್ತಿದರೆ ಕೋಣೆಯೊಳಗೆ ಮಲಗುವುದಕ್ಕಿಂತ ಹೊರಗೆ ಬಂದು ದಿಗಂತವನ್ನೇ ನೋಡುತ್ತ ನಿಲ್ಲುವುದು ಹೆಚ್ಚು ಉಪಯೋಗ. ಮಾತ್ರೆಯ ವಿಷಯವನ್ನು ಹೊರಡುವ ಮೊದಲೇ ವೈದ್ಯರಲ್ಲಿ ಕೇಳಿಕೊಳ್ಳಿ.

ಸಮುದ್ರದ ದಿನ, ಬಂದರಿನ ದಿನ

ಪ್ರತಿ ಕ್ರೂಸ್‌ನಲ್ಲೂ ಎರಡು ಬಗೆಯ ದಿನಗಳಿವೆ. ಸಮುದ್ರದ ದಿನ ಹಡಗು ಎಲ್ಲಿಯೂ ನಿಲ್ಲುವುದಿಲ್ಲ. ಹೊಸಬರು ಇದನ್ನು ಖಾಲಿ ದಿನ ಎಂದುಕೊಳ್ಳುತ್ತಾರೆ. ಬಲ್ಲವರು ಹೆಚ್ಚು ಸಮುದ್ರದ ದಿನಗಳಿರುವ ಪ್ರಯಾಣವನ್ನೇ ಹುಡುಕುತ್ತಾರೆ, ನಾನು ಅವರ ಪಕ್ಷ. ಉಪನ್ಯಾಸ, ನೃತ್ಯ ಪಾಠ, ರಸಪ್ರಶ್ನೆ, ಚಿತ್ರಕಲೆ ಎಂದು ದಿನದ ಕಾರ್ಯಕ್ರಮ ಪಟ್ಟಿ ಉದ್ದವಿರುತ್ತದೆ. ಅದನ್ನು ಪೂರ್ತಿ ಮುಗಿಸಲು ಹೊರಟವರು ದಣಿಯುತ್ತಾರೆ. ಒಂದೋ ಎರಡೋ ಆರಿಸಿಕೊಂಡು, ಉಳಿದ ಹೊತ್ತನ್ನು ಹಡಗಿನ ಸುತ್ತ ಬರುವ ನಡಿಗೆಯ ಡೆಕ್‌ಗೆ, ಒಂದು ಪುಸ್ತಕಕ್ಕೆ, ನಿದ್ದೆಗೆ ಬಿಡಿ.

ಈ ಸುಖವನ್ನು ಪೂರ್ಣವಾಗಿ ಅರಿಯಬೇಕಾದರೆ 2004ರಿಂದ ಓಡುತ್ತಿರುವ 'ಕ್ವೀನ್ ಮೇರಿ 2' ಹಡಗಿನಲ್ಲಿ ಸೌತಾಂಪ್ಟನ್‌ನಿಂದ ನ್ಯೂಯಾರ್ಕ್‌ಗೆ ಹೋಗುವ ಪ್ರಯಾಣವನ್ನು ನೋಡಬೇಕು. ಏಳು ರಾತ್ರಿ, ನಡುವೆ ಒಂದು ಬಂದರೂ ಇಲ್ಲ. ಹಡಗಿನಲ್ಲಿ ತಾರಾಲಯವಿದೆ, ಸಾವಿರಾರು ಪುಸ್ತಕಗಳ ಗ್ರಂಥಾಲಯವಿದೆ, ನಾಯಿಗಳಿಗೆ ವಸತಿಯೂ ಇದೆ. ಪಶ್ಚಿಮಕ್ಕೆ ಹೋಗುವಾಗ ಐದು ರಾತ್ರಿ ಗಡಿಯಾರವನ್ನು ಒಂದೊಂದು ಗಂಟೆ ಹಿಂದಿಡುತ್ತಾರೆ. ವಿಮಾನದಲ್ಲಿ ಬಂದವರನ್ನು ಕಾಡುವ ಕಾಲವ್ಯತ್ಯಾಸದ ಆಯಾಸ ಇಲ್ಲಿಲ್ಲ, ಇಪ್ಪತ್ತೈದು ಗಂಟೆಯ ದಿನಗಳು ಮಾತ್ರ ಸಿಗುತ್ತವೆ.

ಬಂದರಿನ ದಿನದ ಬಗ್ಗೆ ಕಂಪನಿಯ ಜಾಹೀರಾತು ಹೇಳದ ಒಂದು ಸಂಗತಿ ಇದೆ. ಪಟ್ಟಿಯಲ್ಲಿ 'ರೋಮ್' ಎಂದಿದ್ದರೆ ಹಡಗು ನಿಲ್ಲುವುದು ಚಿವಿಟವೆಕ್ಕಿಯಾದಲ್ಲಿ, ರೋಮ್‌ಗೆ ಅಲ್ಲಿಂದ ರೈಲಿನಲ್ಲಿ ಒಂದು ಗಂಟೆಯ ಆಸುಪಾಸು. 'ಫ್ಲಾರೆನ್ಸ್' ಎಂದರೆ ಲಿವೊರ್ನೊ, 'ಪ್ಯಾರಿಸ್' ಎಂದರೆ ಲ ಹಾವ್ರ್, 'ಬರ್ಲಿನ್' ಎಂದರೆ ಬಾಲ್ಟಿಕ್ ತೀರದ ವಾರ್ನೆಮ್ಯುಂಡೆ. ಪ್ಯಾರಿಸ್, ಬರ್ಲಿನ್‌ಗಳಿಗೆ ಹೋಗಿಬರುವುದರಲ್ಲೇ ದಿನದ ದೊಡ್ಡ ಪಾಲು ಕಳೆದುಹೋಗುತ್ತದೆ. ವೆನಿಸ್‌ನ ಜುದೆಕ್ಕಾ ಕಾಲುವೆಯಲ್ಲಂತೂ 2021ರ ಆಗಸ್ಟ್‌ನಿಂದ ದೊಡ್ಡ ಹಡಗುಗಳಿಗೆ ಪ್ರವೇಶವಿಲ್ಲ. ಅಲೆಗಳು ಹಳೆಯ ಅಡಿಪಾಯಗಳಿಗೂ ಹಿನ್ನೀರಿಗೂ ಮಾಡುತ್ತಿದ್ದ ಹಾನಿಯನ್ನು ನೆನೆದರೆ ಅದು ಸರಿಯಾದ ನಿರ್ಧಾರ. ಗ್ರೀಸಿನ ಸ್ಯಾಂಟೊರಿನಿ ದ್ವೀಪದಂಥ ಕಡೆ ಹಡಗು ಆಳದ ನೀರಿನಲ್ಲೇ ನಿಂತು, ಸಣ್ಣ ದೋಣಿಗಳಲ್ಲಿ ಜನರನ್ನು ದಡ ಸೇರಿಸುತ್ತದೆ. ಅಲ್ಲಿಂದ ಮೇಲಿನ ಫಿರಾ ಊರಿಗೆ ಕೇಬಲ್ ಕಾರ್ ಇದೆ, ಸುಮಾರು ಆರುನೂರು ಮೆಟ್ಟಿಲುಗಳೂ ಇವೆ. ಗಾಳಿ ಹೆಚ್ಚಾದರೆ ದೋಣಿ ಇಳಿಸುವುದಿಲ್ಲ, ಆ ಊರು ತಪ್ಪಿಹೋಗುತ್ತದೆ.

ಕಂಪನಿ ಏರ್ಪಡಿಸುವ ಪ್ರವಾಸದಲ್ಲಿ ಹೋದರೆ ಬೆಲೆ ಹೆಚ್ಚು, ಆದರೆ ಬಸ್ ತಡವಾದರೆ ಹಡಗು ಕಾಯುತ್ತದೆ. ಸ್ವಂತವಾಗಿ ಹೋದರೆ ಕಾಯುವುದಿಲ್ಲ, ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲೇ ಹೋಗಿ ಸೇರಿಕೊಳ್ಳಬೇಕು. ಹತ್ತಿರದ ಊರಾದರೆ ಸ್ವಂತವಾಗಿ, ದೂರದ್ದಾದರೆ ಕಂಪನಿಯ ಜೊತೆ ಎಂಬುದು ಒಳ್ಳೆಯ ಸೂತ್ರ. ದಡದ ಗಡಿಯಾರವೂ ಹಡಗಿನ ಗಡಿಯಾರವೂ ಬೇರೆಯಾಗಿರಬಹುದು, ಮೊಬೈಲ್ ತಾನಾಗಿ ದಡದ ವೇಳೆಗೆ ಬದಲಾಗುತ್ತದೆ. ಆದ್ದರಿಂದ ಇಳಿಯುವಾಗ ಬಾಗಿಲ ಬಳಿ ಬರೆದಿರುವ ಮರಳುವ ಸಮಯವನ್ನು ಹಡಗಿನ ಗಡಿಯಾರದ ಪ್ರಕಾರವೇ ಗುರುತಿಟ್ಟುಕೊಳ್ಳಿ. ಹಿಂದೆ ನೋಡಿದ ಬಂದರಾದರೆ ಇಳಿಯಲೇಬೇಕೆಂದಿಲ್ಲ. ಎಲ್ಲರೂ ಹೋದ ಮೇಲೆ ಈಜುಕೊಳ ಖಾಲಿಯಾಗಿರುತ್ತದೆ, ಜಾರುಬಂಡೆಗೆ ಸಾಲು ಇರುವುದಿಲ್ಲ. ಸ್ಥಳೀಯ ಸುಂಕ ಮತ್ತು ಜೂಜಿನ ಕಾನೂನುಗಳಿಂದಾಗಿ ಹಡಗಿನ ಅಂಗಡಿಗಳೂ ಕ್ಯಾಸಿನೊವೂ ಬಹುತೇಕ ಬಂದರುಗಳಲ್ಲಿ ಮುಚ್ಚಿರುತ್ತವೆ, ಅದು ನಷ್ಟವೇನಲ್ಲ.

ದಾರಿಯೇ ಮುಖ್ಯವಾದ ಪ್ರಯಾಣಗಳಿಗೆ ಸಣ್ಣ, ಮಧ್ಯಮ ಹಡಗುಗಳೇ ಸರಿ. ಅಲಾಸ್ಕಾದ ಗ್ಲೇಷಿಯರ್ ಬೇ ರಾಷ್ಟ್ರೀಯ ಉದ್ಯಾನಕ್ಕೆ ದಿನಕ್ಕೆ ಎರಡಕ್ಕಿಂತ ಹೆಚ್ಚು ಕ್ರೂಸ್ ಹಡಗುಗಳನ್ನು ಬಿಡುವುದಿಲ್ಲ. ಉದ್ಯಾನದ ರೇಂಜರ್‌ಗಳೇ ಹಡಗು ಹತ್ತಿ, ಹಿಮನದಿಯಿಂದ ಗಡ್ಡೆಗಳು ಕಳಚಿ ನೀರಿಗೆ ಬೀಳುವುದು ಏಕೆ, ಹೇಗೆ ಎಂದು ವಿವರಿಸುತ್ತಾರೆ. ಪನಾಮಾ ಕಾಲುವೆಯಲ್ಲಿ ಲಾಕ್ ಎಂಬ ಬಾಗಿಲುಳ್ಳ ನೀರಿನ ಕಟ್ಟೆಗಳು ಹಡಗನ್ನು ಮೆಟ್ಟಿಲು ಮೆಟ್ಟಿಲಾಗಿ 26 ಮೀಟರ್ ಮೇಲಿನ ಸರೋವರಕ್ಕೆ ಎತ್ತಿ ಇನ್ನೊಂದು ಸಾಗರಕ್ಕೆ ಇಳಿಸುತ್ತವೆ. ಅಂಟಾರ್ಕ್ಟಿಕಾದಲ್ಲಿ ಐನೂರಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗಿನಿಂದ ಯಾರೂ ನೆಲಕ್ಕೆ ಇಳಿಯುವಂತಿಲ್ಲ, ಚಿಕ್ಕ ಹಡಗಿನವರೂ ಒಂದು ಜಾಗದಲ್ಲಿ ಒಮ್ಮೆಗೆ ನೂರು ಜನ ಮಾತ್ರ. ಪೆಂಗ್ವಿನ್‌ಗಳ ನೆಲದಲ್ಲಿ ಕಾಲಿಡಬೇಕು ಎಂದಿದ್ದರೆ ದೊಡ್ಡ ಹಡಗಿನ ಅಗ್ಗದ ದರಕ್ಕೆ ಮರುಳಾಗಬೇಡಿ.

ಹಣ, ಸುರಕ್ಷತೆ, ಜನ

ಟಿಕೆಟ್ ದರ ಎಂಬುದು ಅರ್ಧ ಲೆಕ್ಕ. ಮದ್ಯ, ತಂಪು ಪಾನೀಯ, ವೈಫೈ, ಟಿಪ್ಸ್, ದಡದ ಪ್ರವಾಸ, ವಿಶೇಷ ರೆಸ್ಟೋರೆಂಟ್, ಫೋಟೊ ಇವೆಲ್ಲ ಬೇರೆ. ಹಡಗಿನಲ್ಲಿ ನಗದು ಓಡುವುದಿಲ್ಲ, ಕೋಣೆಯ ಕಾರ್ಡನ್ನೇ ತೋರಿಸಿ ಎಲ್ಲವನ್ನೂ ಕೊಳ್ಳುತ್ತೀರಿ. ಕಾರ್ಡ್ ತೋರಿಸುವಾಗ ಕೈ ಸಡಿಲವಾಗುತ್ತದೆ. ಆದ್ದರಿಂದ ಬಿಲ್ಲನ್ನು ಪ್ರತಿದಿನ ಆ್ಯಪ್‌ನಲ್ಲಿ ನೋಡಿ. ಪಾನೀಯದ ಪ್ಯಾಕೇಜ್ ಕೊಳ್ಳುವ ಮೊದಲು ದಿನಕ್ಕೆ ನಿಜವಾಗಿ ಎಷ್ಟು ಕುಡಿಯುತ್ತೀರಿ ಎಂದು ಪ್ರಾಮಾಣಿಕವಾಗಿ ಲೆಕ್ಕ ಹಾಕಿ. ಹಡಗು ದಡ ಬಿಟ್ಟ ಕೂಡಲೇ ಮೊಬೈಲನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ. ಇಲ್ಲವಾದರೆ ಅದು ಹಡಗಿನ ಉಪಗ್ರಹ ಜಾಲಕ್ಕೆ ಸೇರಿಕೊಂಡು ದುಬಾರಿ ರೋಮಿಂಗ್ ಬಿಲ್ ತರುತ್ತದೆ.

ಹತ್ತಿದ ದಿನವೇ ಸುರಕ್ಷತಾ ಕವಾಯತು ಇರುತ್ತದೆ. 2012ರ ಜನವರಿಯಲ್ಲಿ ಇಟಲಿಯ ತೀರದಲ್ಲಿ 'ಕೋಸ್ಟಾ ಕಾನ್ಕಾರ್ಡಿಯಾ' ಬಂಡೆಗೆ ಬಡಿದು 32 ಜನ ಸತ್ತರು. ಆಗಷ್ಟೇ ಹತ್ತಿದ್ದ ಹಲವರಿಗೆ ಕವಾಯತು ಆಗಿರಲಿಲ್ಲ. ಆ ನಂತರ ಅಂತರರಾಷ್ಟ್ರೀಯ ನಿಯಮವೇ ಬದಲಾಗಿ, 2015ರಿಂದ ಹಡಗು ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ಕವಾಯತು ನಡೆಯಬೇಕು. ಏಳು ಸಣ್ಣ, ಒಂದು ಉದ್ದನೆಯ ಸದ್ದು ಕೇಳಿದರೆ ಎಲ್ಲಿ ಸೇರಬೇಕು ಎಂದು ಕಾಲ್ನಡಿಗೆಯಲ್ಲಿ ಒಮ್ಮೆ ಹೋಗಿ ನೋಡಿ ಬನ್ನಿ, ಮಕ್ಕಳನ್ನೂ ಕರೆದೊಯ್ಯಿರಿ. ಊಟಕ್ಕೆ ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ. ಹಡಗುಗಳಲ್ಲಿ ಹರಡುವ, ವಾಂತಿಭೇದಿ ತರುವ ನೋರೊವೈರಸ್ ಸ್ಯಾನಿಟೈಸರ್‌ಗೆ ಸುಲಭವಾಗಿ ಬಗ್ಗುವುದಿಲ್ಲ.

ಈ ಎಲ್ಲ ಸುಖದ ಹಿಂದೆ ದುಡಿಯುವವರು ಹಲವು ದೇಶಗಳಿಂದ ಬಂದವರು. ಆರರಿಂದ ಒಂಬತ್ತು ತಿಂಗಳ ಒಪ್ಪಂದ, ವಾರಕ್ಕೆ ಏಳೂ ದಿನ ಕೆಲಸ, ನೀರಿನ ಮಟ್ಟದ ಹತ್ತಿರ ಹಂಚಿಕೊಂಡ ಚಿಕ್ಕ ಕೋಣೆ ಹೆಚ್ಚಿನವರ ಪಾಲು. ನಿಮ್ಮ ಕೋಣೆ ಒಪ್ಪ ಮಾಡುವವರ ಹೆಸರು ಕೇಳಿ, ಮಾತನಾಡಿಸಿ, ಅವರ ಬಗ್ಗೆ ಕೊನೆಯಲ್ಲಿ ಕಂಪನಿಗೆ ಹೆಸರು ಹಿಡಿದು ಬರೆಯಿರಿ. ಅವರ ಮುಂದಿನ ಒಪ್ಪಂದಕ್ಕೂ ಬಡ್ತಿಗೂ ಅಂಥ ಮಾತು ನೆರವಾಗಬಲ್ಲದು. ಟಿಪ್ಸ್ ಮೊತ್ತ ಬಿಲ್ಲಿಗೆ ತಾನಾಗಿ ಸೇರಿದ್ದರೆ ಅದನ್ನು ತೆಗೆಸಬೇಡಿ.

ಕೊನೆಯ ರಾತ್ರಿ ದೊಡ್ಡ ಪೆಟ್ಟಿಗೆಗಳನ್ನು ಗುರುತಿನ ಪಟ್ಟಿ ಕಟ್ಟಿ ಬಾಗಿಲ ಹೊರಗಿಡಲು ಹೇಳುತ್ತಾರೆ, ಬೆಳಗ್ಗೆ ಅವು ನೇರವಾಗಿ ದಡದಲ್ಲಿ ಸಿಗುತ್ತವೆ. ಪಾಸ್‌ಪೋರ್ಟ್, ಮಾತ್ರೆಗಳು, ಮರುದಿನದ ಬಟ್ಟೆ ಕೈಚೀಲದಲ್ಲಿರಲಿ. ಹಡಗು ಬೆಳಗ್ಗೆ ಬಂದರು ಸೇರಿದರೂ ಸಾವಿರಾರು ಜನ ಇಳಿದು ಮುಗಿಯಲು ಹೊತ್ತು ಹಿಡಿಯುತ್ತದೆ, ಅದೇ ಮಧ್ಯಾಹ್ನ ಹೊಸ ಪ್ರಯಾಣಿಕರು ಹತ್ತುತ್ತಾರೆ. ಹಿಂದಿರುಗುವ ವಿಮಾನವನ್ನು ಮಧ್ಯಾಹ್ನದ ನಂತರಕ್ಕೇ ಕಾದಿರಿಸಿ. ಹೋಗುವಾಗಲಾದರೆ ಬಂದರಿನ ಊರಿಗೆ ಒಂದು ದಿನ ಮೊದಲೇ ತಲುಪಿರಿ, ವಿಮಾನ ತಡವಾಯಿತೆಂದು ಹಡಗು ನಿಮಗಾಗಿ ನಿಲ್ಲುವುದಿಲ್ಲ.